ಆಪೂಸಿನ ಪರದೇಶಯಾತ್ರೆ

ವೈಶಾಖದಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಬದಿಗೆ ಹಾಯ್ದುಹೋದವರಿಗೆ ಆಪೂಸಿನ ಪರಿಮಳವನ್ನು ವರ್ಣಿಸಿ ಹೇಳಬೇಕಾದುದಿಲ್ಲ. (ಮೈಸೂರು ಸೀಮೆಯ ಬಂಧುಗಳು ಇದನ್ನೇ ಬಾದಾಮಿಯೆಂದು ಕರೆದು ನಮ್ಮೊಡನೆ ವಾದಕ್ಕೆ ನಿಲ್ಲುತ್ತಾರೆ, ನಿಲ್ಲಲಿ.) ಇಂಥ ಹಣ್ಣು 2007ರ ವರೆಗೆ ಸುಮಾರು 18 ವರ್ಷ ಅಮೇರಿಕದ ಹೊಸ್ತಿಲನ್ನು ದಾಟಲಾರದೆ ನಿಂತಿತ್ತು. ತಡೆದದ್ದು ಹುಳು.

ಅದರಲ್ಲಿಯೂ ಮಾವಿನ ವಾಟೆಹುಳುವಿನ ರೀತಿಯೇ ಬೇರೆ. ಹೆಣ್ಣು ಎಳೆಗಾಯಿಯ ಸಿಪ್ಪೆಯ ಮೇಲೆ ತತ್ತಿಯಿಡುತ್ತದೆ. ಮರಿ ತಿರುಳನ್ನು ಕೊರೆದು ವಾಟೆಯನ್ನು ಸೇರುತ್ತದೆ. ಕಾಯಿ ಬೆಳೆದಂತೆ ಗಾಯ ಮಾಯುತ್ತದೆ. ಹೊರಗಿನಿಂದ ಹಣ್ಣು ನಿಷ್ಕಳಂಕ. ಹಣ್ಣುನೊಣಕ್ಕೆ ಬಿಸಿನೀರಿನ ಸ್ನಾನ ಸಾಕು. ವಾಟೆಯೊಳಗಿನ ಈ ಒಕ್ಕಲಿಗೆ ಅದು ತಾಗದು. ಹಿಂದೆ ಬಳಕೆಯಲ್ಲಿದ್ದ ಎಥಿಲೀನ್ ಡೈಬ್ರೋಮೈಡಿನ ಧೂಪವನ್ನು ಕ್ಯಾನ್ಸರಿನ ಭೀತಿಯಿಂದ 1980ರ ದಶಕದಲ್ಲಿ ಅಮೇರಿಕವೇ ಕೈಬಿಟ್ಟಿತು.

ಉಳಿದದ್ದು ಗಾಮಾ ಕಿರಣ. ನಮ್ಮ ಟ್ರಾಂಬೆಯ ಭಾಭಾ ಅಣುಸಂಶೋಧನ ಕೇಂದ್ರದವರು 2002ರಲ್ಲಿ ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ ಒಂದು ಕೇಂದ್ರವನ್ನು ಕಟ್ಟಿದ್ದರು. ಅದು ಹುಟ್ಟಿದ್ದು ಮಾವಿಗಾಗಿ ಅಲ್ಲ, ಉಳ್ಳಾಗಡ್ಡಿ ಮೊಳೆಯದಂತೆ ಕಾಯುವದಕ್ಕಾಗಿ. 2006ರಲ್ಲಿ ಉಭಯ ಸರಕಾರಗಳ ನಡುವೆ ಮಾತಾಯಿತು. ಮರುವರ್ಷದ ಏಪ್ರಿಲಿನಲ್ಲಿ ಕೋಬಾಲ್ಟ್-60ರ ಮುಂದೆ ಹಾಯ್ದ ಮಾವು ವಿಮಾನವೇರಿತು. ಮುಂದೆ ಕೋಲಾರದ ಕಡೆ ಮಾಲೂರಿನಲ್ಲಿ, ಇಲ್ಲಿ ವಾಶಿಯಲ್ಲಿ ಇಂಥ ಕೇಂದ್ರಗಳಾದವು.

ಹಣ್ಣು ಇದರಿಂದ ವಿಕಿರಣಶೀಲವಾಗುವದಿಲ್ಲ. ಕಿರಣ ಹಾಯ್ದುಹೋಗುತ್ತದೆ, ಉಳಿಯುವದಿಲ್ಲ. ಪೆಟ್ಟಿಗೆಯ ನಟ್ಟನಡುವಿನ ಹಣ್ಣಿಗೂ ಕನಿಷ್ಠ 400 ಗ್ರೇ ಮುಟ್ಟಬೇಕೆಂಬುದು ಕರಾರು. ಸೋಜಿಗವೆಂದರೆ, ಅಷ್ಟರಿಂದ ಹುಳು ಕೂಡಲೆ ಸಾಯಬೇಕೆಂದಿಲ್ಲ. ಅದರ ಸಂತಾನ ಮಾತ್ರ ನಿಲ್ಲುತ್ತದೆ. ಮೊದಲು ಜೀವಂತ ಹುಳು ಸಿಕ್ಕಿತೆಂದರೆ ಸರಕು ತಿರಸ್ಕೃತ. ಈಗ ಹುಳು ಮಿಸುಕಿದರೂ ಹಣ್ಣು ಶುದ್ಧವಾಗಿರಬಹುದು, ಮಿಸುಕದಿದ್ದರೂ ಸಂಸ್ಕಾರವಾಗದೆ ಇರಬಹುದು. ಕಣ್ಣಿಗೆ ಕಾಣುವ ಸಾಕ್ಷಿಯೇ ಇಲ್ಲ. ಸಾಕ್ಷಿಯೇನಿದ್ದರೂ ಪ್ರಮಾಣವನ್ನು ಅಳೆದು ಬರೆದಿಟ್ಟ ಕಾಗದ, ಮತ್ತು ಎದುರಿಗೆ ನಿಂತು ಸಹಿ ಹಾಕುವ ಅಮೇರಿಕದ ಅಧಿಕಾರಿ.

ಆ ಅಧಿಕಾರಿ ಬಾರದೆ ಹೋದರೆ? ಕೋವಿಡ್ಡಿನ ದೆಸೆಯಿಂದ 2020 ಮತ್ತು 2021ರಲ್ಲಿ ಬರಲಿಲ್ಲ. ಯಂತ್ರವಿತ್ತು, ಮಾವಿತ್ತು, ರಫ್ತು ನಿಂತಿತು. 2022ರಲ್ಲಿ ಮತ್ತೆ ತೊಡಗಿತು. 2025ರ ಮೇ ತಿಂಗಳಲ್ಲಿ ನವಿ ಮುಂಬಯಿಯಲ್ಲಿ ಸಂಸ್ಕಾರವಾಗಿ ಹೋದ 15ರಷ್ಟು ರವಾನೆಗಳನ್ನು ಅಮೇರಿಕದ ವಿಮಾನನಿಲ್ದಾಣಗಳಲ್ಲಿ ತಡೆದರು. ತಕರಾರು ಹುಳುವಿನದಲ್ಲ, ಕಾಗದದ್ದು. ಮರಳಿ ತರುವ ಖರ್ಚು ಹಣ್ಣಿನ ಕಿಮ್ಮತ್ತನ್ನು ಮೀರುವಂತಿದ್ದುದರಿಂದ ವ್ಯಾಪಾರಿಗಳು ಅದನ್ನು ಅಲ್ಲಿಯೇ ನಾಶಮಾಡಿಸಿದರು.