ಮನೆಯಲ್ಲೇ ಹೊಲಿದ ದೋಣಿ

1963ರ ಜನವರಿಯಲ್ಲಿ ಇಂಗ್ಲೆಂಡ್ ಹೆಪ್ಪುಗಟ್ಟಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಆ ದೇಶ ಕಂಡ ಅತಿ ಚಳಿಯ ತಿಂಗಳು ಅದು. ಅಂಥ ಹೊತ್ತಿನಲ್ಲಿ ಲಂಡನ್ನಿನ ದೋಣಿ ಪ್ರದರ್ಶನಕ್ಕೆ ಕೆಂಪು ಹಾಯಿಯ ಪುಟ್ಟ ದೋಣಿಯೊಂದು ಬಂತು. ಉದ್ದ 10 ಅಡಿ 10 ಇಂಚು. ಕೊಳ್ಳುವವರಿಗೆ ಸಿಗುತ್ತಿದ್ದದ್ದು ಮಾತ್ರ ಅದರ ಬಿಡಿಭಾಗಗಳು: ಅಳತೆಗೆ ಕತ್ತರಿಸಿದ ಪ್ಲೈವುಡ್ ಹಲಗೆಗಳು, ತಾಮ್ರದ ತಂತಿ, ಗಾಜಿನ ನಾರಿನ ಪಟ್ಟಿ, ರಾಳ, ಹಾಯಿ. ಬೆಲೆ 63 ಪೌಂಡ್ 11 ಷಿಲಿಂಗ್, ಅಂದರೆ ಆ ಕಾಲದ ಕಾರ್ಖಾನೆ ಕಾರ್ಮಿಕನೊಬ್ಬನ ಸುಮಾರು ನಾಲ್ಕು ವಾರದ ದುಡಿಮೆ. ಕಟ್ಟಿಕೊಳ್ಳುವ ಕೆಲಸ ಕೊಂಡವರದು, ಅವರವರ ಮನೆಯಲ್ಲಿ.

ದೋಣಿಯ ಹೆಸರು ಮಿರರ್. ಹೆಸರು ಬಂದದ್ದು ಡೈಲಿ ಮಿರರ್ ಪತ್ರಿಕೆಯಿಂದ. ದಿನಕ್ಕೆ ಐವತ್ತು ಲಕ್ಷದ ಸಮೀಪ ಪ್ರತಿ ಮಾರುತ್ತಿದ್ದ, ಕಾರ್ಮಿಕ ವರ್ಗದವರೇ ಹೆಚ್ಚಾಗಿ ಓದುತ್ತಿದ್ದ ಪತ್ರಿಕೆ ಅದು. ಹಾಯಿಯ ಕೆಂಪು ಕೂಡ ಪತ್ರಿಕೆಯದೇ ಬಣ್ಣ. ಕೆರೆಯಲ್ಲಿ ತೇಲುವ ಜಾಹೀರಾತು ಎಂದರೂ ತಪ್ಪಿಲ್ಲ. ಆದರೆ ಜಾಹೀರಾತಿನ ಹಿಂದಿದ್ದ ಮಾತು ಸಣ್ಣದಲ್ಲ. ಇಂಗ್ಲೆಂಡಿನಲ್ಲಿ ಹಾಯಿದೋಣಿ ನಡೆಸುವುದು ಬಹುಕಾಲ ದುಡ್ಡಿದ್ದವರ, ಕ್ಲಬ್ಬಿನವರ ಹವ್ಯಾಸವಾಗಿತ್ತು. ದೋಣಿ ಬೇಕೆಂದರೆ ಕಸುಬುದಾರನ ಹತ್ತಿರ ಹೋಗಬೇಕು, ಅವನು ಕೇಳಿದಷ್ಟು ಕೊಡಬೇಕು.

ಕಸುಬುದಾರ ಹೆಚ್ಚು ಕೇಳುತ್ತಿದ್ದುದಕ್ಕೂ ಕಾರಣವಿತ್ತು. ಹಳೆಯ ಪದ್ಧತಿಯಲ್ಲಿ ಮೊದಲು ಬೆನ್ನೆಲುಬಿನಂಥ ಅಡಿಮರ ಇಡಬೇಕು, ಪಕ್ಕೆಲುಬುಗಳನ್ನು ಬಗ್ಗಿಸಬೇಕು, ಹಲಗೆಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಒಂದರ ಪಕ್ಕ ಒಂದು ಕೂಡಿಸಬೇಕು. ಪ್ರತಿ ಹಲಗೆಯ ಅಂಚಿನ ಓರೆ ಬೇರೆ ಬೇರೆ. ಅದೂ ಉದ್ದಕ್ಕೆ ಬದಲಾಗುತ್ತ ಹೋಗುತ್ತದೆ. ಆ ಓರೆಯನ್ನು ಕಣ್ಣಳತೆಯಲ್ಲೇ ಹಿಡಿಯಲು ವರ್ಷಗಳ ಶಿಷ್ಯವೃತ್ತಿ ಬೇಕು. ಶನಿವಾರ ಭಾನುವಾರ ಮಾತ್ರ ಬಿಡುವಿರುವ ಗುಮಾಸ್ತನಿಗೆ ಅದು ಎಟುಕುವ ವಿದ್ಯೆಯಲ್ಲ.

ದಾರಿ ತೆರೆದದ್ದು ಯುದ್ಧಕಾಲದ ಅಂಟು. ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ 1930ರ ದಶಕದಲ್ಲಿ ವಿಮಾನಗಳಿಗಾಗಿ ಕೃತಕ ರಾಳದ ಅಂಟೊಂದನ್ನು ತಯಾರಿಸಿದ್ದರು. ಮರದ ಮಸ್ಕಿಟೋ ಯುದ್ಧವಿಮಾನಗಳಲ್ಲಿ ಅದು ಬಳಕೆಯಾಯಿತು. ಇಂಥ ಅಂಟುಗಳು ಬಂದ ಮೇಲೆ, ನೀರಿಗೆ ಬಿದ್ದರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತಿದ್ದ ಪ್ಲೈವುಡ್ಡು ದೋಣಿಗೂ ಆಗಿಬರುವ ಸಾಮಗ್ರಿಯಾಯಿತು. ಯುದ್ಧ ಮುಗಿದ ಮೇಲೆ ಜಾಕ್ ಹೋಲ್ಟ್ ಎಂಬ ದೋಣಿಗಾರ ಪ್ಲೈವುಡ್ಡಿನಲ್ಲಿ ಒಂದಾದ ಮೇಲೊಂದು ಸಣ್ಣ ದೋಣಿ ರೂಪಿಸಿದರು: 1947ರಲ್ಲಿ ಮಕ್ಕಳಿಗಾಗಿ ಕೆಡೆಟ್, 1956ರಲ್ಲಿ ಎಂಟರ್‌ಪ್ರೈಸ್. ಈ ಎಂಟರ್‌ಪ್ರೈಸ್ ಭಾರತದ ಹಾಯಿದೋಣಿ ಕ್ಲಬ್ಬುಗಳಿಗೂ ಬಂದು ನೆಲೆಯೂರಿತು. ಆದರೆ ಇವನ್ನು ಕಟ್ಟಲೂ ಒಳಗೊಂದು ಚೌಕಟ್ಟು ಬೇಕಿತ್ತು, ಬಡಗಿತನದ ಅಭ್ಯಾಸ ಬೇಕಿತ್ತು.

ಚೌಕಟ್ಟನ್ನೇ ಕೈಬಿಡಬಹುದು ಎಂದು ತೋರಿಸಿದವರಲ್ಲಿ ಮುಖ್ಯರು ಕೆನ್ ಲಿಟಲ್‌ಡೈಕ್ ಎಂಬ ಶಾಲಾ ಮೇಷ್ಟ್ರು. ಅವರು ಕಯಾಕ್ ಕಟ್ಟಲು ಹಿಡಿದ ದಾರಿ ದರ್ಜಿಯದು. ದರ್ಜಿ ಚಪ್ಪಟೆ ಬಟ್ಟೆಯನ್ನು ಸರಿಯಾದ ಡೊಂಕಿನಲ್ಲಿ ಕತ್ತರಿಸಿ ಹೊಲಿದರೆ ಅದು ತಾನಾಗಿ ಮೈಯ ಆಕಾರಕ್ಕೆ ಬರುತ್ತದೆ. ಪ್ಲೈವುಡ್ಡೂ ಹಾಗೆಯೇ. ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ಎರಡು ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಎಳೆದರೆ ಹಲಗೆ ಬಾಗಿ ದೋಣಿಯ ರೂಪ ಎದ್ದು ನಿಲ್ಲುತ್ತದೆ. ಆಮೇಲೆ ಸಂದಿಯ ಮೇಲೆ ಗಾಜಿನ ನಾರಿನ ಪಟ್ಟಿ ಇಟ್ಟು ರಾಳ ಸವರಿದರೆ ಅದು ಗಟ್ಟಿಯಾಗುತ್ತದೆ. ಹೊರಗೆ ಉಳಿದ ತಂತಿಯ ತುದಿಗಳನ್ನು ಕತ್ತರಿಸಿ ಉಜ್ಜಿದರಾಯಿತು.

ಈ ವಿಧಾನ ಹಿಡಿದು ಮಿರರ್ ದೋಣಿಗೆ ಕೈ ಹಾಕಿದವರು ಬ್ಯಾರಿ ಬಕ್ನೆಲ್. ಮನೆಯ ರಿಪೇರಿ ಕೆಲಸಗಳನ್ನು ಬಿಬಿಸಿ ಟೆಲಿವಿಷನ್ನಿನಲ್ಲಿ ನೇರಪ್ರಸಾರದಲ್ಲೇ ಮಾಡಿ ತೋರಿಸಿ, ಆಗಾಗ ಎಡವಟ್ಟು ಮಾಡಿಕೊಂಡು, ಅದರಿಂದಲೇ ಜನರಿಗೆ ಇನ್ನಷ್ಟು ಹತ್ತಿರವಾಗಿದ್ದ ಮನುಷ್ಯ. ಹೋಲ್ಟ್ ಅವರ ಜೊತೆಗೂಡಿ ವಿನ್ಯಾಸವನ್ನು ತಿದ್ದಿದರು. ದೋಣಿಯ ಮೂತಿ ಚೂಪಾಗಿಲ್ಲ, ಮೊಂಡಾಗಿ ಕತ್ತರಿಸಿದಂತಿದೆ. ಅಂದದ ದೃಷ್ಟಿಯಿಂದ ನೋಡಿದರೆ ಸೋಲೇ. ಆದರೆ ಚೂಪು ಮೂತಿಯಲ್ಲಿ ಹಲಗೆಗಳನ್ನು ಕೂಡಿಸುವುದು ಹೊಸಬರಿಗೆ ಕಷ್ಟ. ಮೊಂಡು ಮೂತಿ ಆ ಕಷ್ಟವನ್ನು ತಪ್ಪಿಸಿತು, ಪುಟ್ಟ ದೋಣಿಯಲ್ಲಿ ಕೂರಲು ಜಾಗವನ್ನೂ ಕೊಟ್ಟಿತು. ಹಾಯಿಕಂಬವನ್ನು ಎರಡು ತುಂಡಾಗಿಸಿದ್ದರಿಂದ ಬಿಚ್ಚಿದಾಗ ಎಲ್ಲವೂ ದೋಣಿಯೊಳಗೇ ಹಿಡಿಸುತ್ತಿತ್ತು. ದೋಣಿಯ ಒಡಲಿನ ತೂಕ ಸುಮಾರು 45 ಕಿಲೋ. ಇಬ್ಬರು ಎತ್ತಿ ಕಾರಿನ ಮೇಲಿಟ್ಟರೆ ಹೊರಟಿತು. ಒಂದು ಎಚ್ಚರ ಮಾತ್ರ ಬೇಕಿತ್ತು: ಅಗಲ ನಾಲ್ಕೂವರೆ ಅಡಿಗಿಂತ ಹೆಚ್ಚು. ನಡುಮನೆಯಲ್ಲಿ ಕಟ್ಟುವವರು ಬಾಗಿಲನ್ನು ಮೊದಲೇ ಅಳೆದುಕೊಳ್ಳುವುದು ಒಳ್ಳೆಯದಿತ್ತು.

ಹಲಗೆ ಹೊಲಿಯುವುದು ಹೊಸ ಸಂಗತಿ ಎಂದರೆ ಚೆನ್ನೈ ಕಡೆಯವರು ನಕ್ಕಾರು. ಮದರಾಸಿಗೆ ಬಂದರು ಕಟ್ಟುವ ಮುಂಚೆ ಹಡಗಿನಿಂದ ಜನ ಮತ್ತು ಸರಕು ಅಲೆಗಳನ್ನು ದಾಟಿ ದಡ ಸೇರುತ್ತಿದ್ದುದು ಮಸೂಲಾ ದೋಣಿಗಳಲ್ಲಿ. ಅವುಗಳಿಗೆ ಪಕ್ಕೆಲುಬಿಲ್ಲ, ಮೊಳೆಯಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಿತ್ತು. ಮಲಬಾರ್ ತೀರದಲ್ಲೂ ಹೊಲಿದ ದೋಣಿಗಳಿದ್ದವು. ಮೇಲ್ನೋಟಕ್ಕೆ ಎರಡೂ ಒಂದೇ ಉಪಾಯ. ಒಳಗಿನ ಲೆಕ್ಕ ಬೇರೆ. ಮಸೂಲಾದ ಹೊಲಿಗೆ ಕೊನೆಯವರೆಗೂ ಕೆಲಸ ಮಾಡುತ್ತದೆ. ಅಲೆ ಹೊಡೆದಾಗ ದೋಣಿ ಒಡೆಯದೆ ಬಳುಕಿದರೆ ಅದು ಆ ಹಗ್ಗದ ಗುಣ, ಹಗ್ಗ ಬಿಗಿದವನ ಕೈಗುಣ. ಮಿರರ್‌ನ ತಂತಿಗೆ ರಾಳ ಒಣಗುವ ತನಕ ಹಲಗೆಗಳನ್ನು ಹಿಡಿದಿಡುವುದಷ್ಟೇ ಕೆಲಸ.

ಹಾಗಾದರೆ ಮಿರರ್‌ನಲ್ಲಿ ಕೈಗುಣ ಎಲ್ಲಿ ಹೋಯಿತು? ಹಲಗೆಯ ಅಂಚಿನ ಡೊಂಕಿಗೆ. ಆ ಡೊಂಕನ್ನು ಕಂಡುಹಿಡಿದವರು ಹೋಲ್ಟ್ ಮತ್ತು ಬಕ್ನೆಲ್. ಅದನ್ನು ಕತ್ತರಿಸಿದ್ದು ಕಾರ್ಖಾನೆ. ಮನೆಯಲ್ಲಿ ಕೂತವರಿಗೆ ಉಳಿದದ್ದು ತಾಳ್ಮೆಯ ಕೆಲಸ: ತೂತು ಕೊರೆಯುವುದು, ತಂತಿ ತಿರುಚುವುದು, ಉಜ್ಜುವುದು, ಮತ್ತೆ ಉಜ್ಜುವುದು. ಇದನ್ನು ದೋಣಿ ಕಟ್ಟುವುದು ಎನ್ನಬಹುದೇ ಎಂದು ಹಳೆಯ ಕಸುಬುದಾರ ಕೇಳಿದರೆ ಆ ಪ್ರಶ್ನೆ ಅನ್ಯಾಯದ್ದಲ್ಲ. ವರ್ಷಗಟ್ಟಲೆ ಕಲಿತ ವಿದ್ಯೆಯನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಿದಾಗ ಕಲಿತವನಿಗೆ ನೋವಾಗುತ್ತದೆ. ಆದರೆ ಆ ವಿದ್ಯೆ ಅಲ್ಲಿಯವರೆಗೆ ಯಾರಿಗೆ ದೋಣಿ ಕೊಟ್ಟಿತ್ತು ಎಂಬ ಮರುಪ್ರಶ್ನೆಯೂ ನ್ಯಾಯದ್ದೇ. ಮಿರರ್ ದೋಣಿಗಳ ಸಂಖ್ಯೆ ಮುಂದೆ 70,000 ದಾಟಿತು. ತೂಕ ಎರಡನೆಯ ಕಡೆಗೇ ವಾಲುತ್ತದೆ.

ಮನೆಯಲ್ಲಿ ಕಟ್ಟಿದ್ದರಿಂದ ದೋಣಿ ಆಟಿಕೆಯಾಗಲಿಲ್ಲ. 1997ರಲ್ಲಿ ಎ.ಜೆ. ಮೆಕಿನನ್ ಎಂಬ ಶಿಕ್ಷಕರು ಇಂಗ್ಲೆಂಡಿನ ಷ್ರಾಪ್‌ಷೈರ್‌ನಿಂದ ಜಾಕ್ ಡಿ ಕ್ರೋ ಎಂಬ ಹೆಸರಿನ ಮಿರರ್‌ನಲ್ಲಿ ಹೊರಟು, ಹಾಯಿ ಬಿಚ್ಚಿ, ಗಾಳಿಯಿಲ್ಲದಾಗ ಹುಟ್ಟು ಹಾಕಿ, ನದಿ ಕಾಲುವೆಗಳನ್ನು ದಾಟಿ ಕಪ್ಪು ಸಮುದ್ರ ಮುಟ್ಟಿದರು. ಆ ಪ್ರಯಾಣದ ಬಗ್ಗೆ ಪುಸ್ತಕವನ್ನೂ ಬರೆದರು.

ಕಾಲಕ್ರಮದಲ್ಲಿ ಕಾರ್ಖಾನೆಯಲ್ಲೇ ಪೂರ್ತಿ ತಯಾರಾದ ಫೈಬರ್‌ಗ್ಲಾಸ್ ಮಿರರ್‌ಗಳೂ ಬಂದವು. ಮೊದಲನೆಯ ಸಂಖ್ಯೆಯ ಮಿರರ್, ಹೆಸರು ಐಲೀನ್, ಈಗ ಕಾರ್ನ್‌ವಾಲ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿದೆ. ಉಳಿದ ಹಳೆಯ ಮರದ ದೋಣಿಗಳು ಕೈಯಿಂದ ಕೈಗೆ ಮಾರಾಟವಾಗುತ್ತಿರುತ್ತವೆ. ಕೊಂಡವರು ಬಣ್ಣ ಕೆರೆದಾಗ ಸಂದಿಯ ಉದ್ದಕ್ಕೂ ತಾಮ್ರದ ಚುಕ್ಕೆಗಳು ಕಾಣುತ್ತವೆ. ಕೆಲವು ಕಡೆ ಒತ್ತೊತ್ತಾಗಿ, ಕೆಲವು ಕಡೆ ಸ್ವಲ್ಪ ಸೊಟ್ಟಗೆ.