ಊರಂಚಿನಲ್ಲಿ ನಿಂತ ರೈಲು: ಕಾರ್ಸನ್ ಸಿಟಿಯ ಪಾರಂಪರಿಕ ಮಾರ್ಗ ಮತ್ತು ಪೇಟೆಯ ನೆಲ

ಅಮೆರಿಕದ ನೆವಾಡಾ ರಾಜ್ಯದ ವರ್ಜಿನಿಯಾ ಆ್ಯಂಡ್ ಟ್ರಕಿ ರೈಲುಮಾರ್ಗ ಹುಟ್ಟಿದ್ದೇ ಬೆಳ್ಳಿಗಾಗಿ. ಕಾಮ್‌ಸ್ಟಾಕ್ ನಿಕ್ಷೇಪ 1859ರಲ್ಲಿ ಪತ್ತೆಯಾಗಿ ಹತ್ತು ವರ್ಷವಾದ ಮೇಲೆ ಹಳಿ ಹಾಕುವ ಕೆಲಸ ಶುರುವಾಯಿತು. 1870ರ ಜನವರಿಯಲ್ಲಿ ಗಣಿಗಳ ಊರಾದ ವರ್ಜಿನಿಯಾ ಸಿಟಿಗೆ ಮೊದಲ ರೈಲು ಹತ್ತಿತು. ಅಲ್ಲಿಂದ ರಾಜಧಾನಿ ಕಾರ್ಸನ್ ಸಿಟಿಗೆ 34 ಕಿ.ಮೀ. ದೂರ. ಅದಿರು ಕಾರ್ಸನ್ ನದಿಯ ದಂಡೆಯ ಗಿರಣಿಗಳಿಗೆ ಇಳಿಯುತ್ತಿತ್ತು, ಗಣಿಗಳಿಗೆ ಬೇಕಾದ ಮರಮುಟ್ಟು ಮೇಲಕ್ಕೆ ಹೋಗುತ್ತಿತ್ತು. ಬೆಳ್ಳಿ ಬತ್ತಿದ ಮೇಲೆ, 1938ರಲ್ಲಿ, ಗುಡ್ಡದ ಮೇಲಿನ ಭಾಗವನ್ನು ಕೈಬಿಡಲಾಯಿತು. 1950ರ ಮೇ 31ರಂದು ಉಳಿದ ಮಾರ್ಗವೂ ಮುಚ್ಚಿತು. 1976ರಲ್ಲಿ ವರ್ಜಿನಿಯಾ ಸಿಟಿಯಿಂದ ಪ್ರವಾಸಿಗರಿಗಾಗಿ ಮತ್ತೆ ಓಡತೊಡಗಿದ ರೈಲು 2009ರ ಹೊತ್ತಿಗೆ ಮೌಂಡ್ ಹೌಸ್ ದಾಟಿ ಕಾರ್ಸನ್ ಸಿಟಿಯ ಪೂರ್ವದ ಅಂಚಿಗೆ ಬಂದು ನಿಂತಿದೆ. ಉಳಿದ ಕೆಲವು ಕಿಲೋಮೀಟರ್ ಹಳಿ ಹಾಕಿ ಅದನ್ನು ಪೇಟೆಯ ನಡುವಿಗೆ ತರಬೇಕೇ? ಪರವಾಗಿ ಮಾತಾಡುವವರು ಚರಿತ್ರೆಯನ್ನು ಮುಂದಿಡುತ್ತಾರೆ, ವಿರೋಧಿಸುವವರು ಆ ಚರಿತ್ರೆಯ ಗುರುತು ಈಗ ಉಳಿದಿಲ್ಲ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಮರೆಯಾಗುವುದು ನೆಲದ ಪ್ರಶ್ನೆ. ಈ ವಾದ ತೀರ್ಮಾನವಾಗಬೇಕಾದದ್ದು ಅಲ್ಲಿ ಎಂಬುದು ಈ ಲೇಖನದ ನಿಲುವು.

ಚರಿತ್ರೆಯ ಗುರುತು ಉಳಿದಿಲ್ಲವೆಂಬ ಆಕ್ಷೇಪಕ್ಕೆ ಬಲವಾದ ಆಧಾರವೇ ಇದೆ. ಕಾರ್ಸನ್ ಸಿಟಿಯ ಸ್ಥಾಪಕ ಏಬ್ರಹಾಂ ಕರಿ, ರಾಜ್ಯದ ಸೆರೆಮನೆಯ ಗಣಿಯ ಮರಳುಗಲ್ಲಿನಿಂದ ಕಟ್ಟಿಸಿದ ಭವ್ಯ ಎಂಜಿನ್ ಶೆಡ್ಡನ್ನು 1991ರಲ್ಲಿ ಕೆಡವಲಾಯಿತು. ಅದರ ಕಲ್ಲುಗಳು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ದ್ರಾಕ್ಷಾರಸದ ಕಾರ್ಖಾನೆಯೊಂದರ ಪಾಲಾದವು. ಕಾರ್ಸನ್ ಬೀದಿಯ ಹಳೆಯ ನಿಲ್ದಾಣದ ಕಟ್ಟಡ ಮಾತ್ರ ಉಳಿದಿದೆ, ಹಿಂದಿನ ಟಂಕಸಾಲೆಗೆ ಕೂಗಳತೆಯಲ್ಲಿ. ಆದರೆ ಈ ಆಕ್ಷೇಪವನ್ನು ಒಪ್ಪಿದರೆ ಈಗ ಓಡುತ್ತಿರುವ ಮಾರ್ಗವೂ ಕೃತಕವೆನ್ನಬೇಕಾಗುತ್ತದೆ. ಗೋಲ್ಡ್ ಹಿಲ್ ಬಳಿ ಹಳೆಯ ಹಳಿಯ ದಾರಿಯನ್ನು ನುಂಗಿದ್ದ ಓವರ್‌ಮನ್ ಗಣಿಗುಂಡಿಯನ್ನು ತುಂಬಿಸಿದ ಮೇಲೆಯೇ ರೈಲು ಮುಂದುವರಿದದ್ದು. ಅದನ್ನು ಎಳೆಯುವ 18ನೇ ಸಂಖ್ಯೆಯ ಉಗಿ ಎಂಜಿನ್ 1914ರಲ್ಲಿ ಮೆಕ್‌ಕ್ಲೌಡ್ ರಿವರ್ ಎಂಬ ಬೇರೊಂದು ರೈಲ್ವೆಗಾಗಿ ತಯಾರಾದದ್ದು. ಅಸಲಿ ಎಂಜಿನ್‌ಗಳಲ್ಲೊಂದಾದ, 1875ರ ‘ಇನ್ಯೋ’, 1937ರಲ್ಲಿ ಹಾಲಿವುಡ್‌ನ ಪ್ಯಾರಾಮೌಂಟ್ ಸಂಸ್ಥೆಗೆ ಮಾರಾಟವಾಗಿ, 1974ರಲ್ಲಿ ರಾಜ್ಯಕ್ಕೆ ಮರಳಿತು. ಈಗ ಅದು ಊರಿನ ದಕ್ಷಿಣ ತುದಿಯ ರೈಲ್ವೆ ವಸ್ತುಸಂಗ್ರಹಾಲಯದ ಆಸ್ತಿ. ಪಾರಂಪರಿಕ ರೈಲು ಎಲ್ಲಿಯೂ ಪೂರ್ತಿ ಅಸಲಿಯಾಗಿರುವುದಿಲ್ಲ. ಹಾಗಾಗಿ ಅಸಲಿತನ ಇಲ್ಲಿ ಅಳತೆಗೋಲಾಗಲಾರದು.

ನೆಲದ ವಿಷಯದಲ್ಲಿ ವೇಲ್ಸ್‌ನ ವೆಲ್ಶ್ ಹೈಲ್ಯಾಂಡ್ ರೈಲ್ವೆ ಹೆಚ್ಚು ಕಲಿಸುತ್ತದೆ. 1923ರಲ್ಲಿ ಆರಂಭವಾದ ಆ ನ್ಯಾರೋಗೇಜ್ ಮಾರ್ಗ 1937ರಲ್ಲಿ ನಿಂತುಹೋಯಿತು. ಕಂಪನಿಯ ದಿವಾಳಿ ವ್ಯವಹಾರ ದಶಕಗಟ್ಟಲೆ ಇತ್ಯರ್ಥವಾಗದೆ, ಹಳಿ ಕಿತ್ತ ಮೇಲೂ ಆ ನೆಲದ ಪಟ್ಟಿ ಚೂರುಚೂರಾಗಿ ಮಾರಾಟವಾಗಲಿಲ್ಲ. ಸಾರ್ವಜನಿಕ ವಿಚಾರಣೆ ನಡೆಸಿದ ಅಧಿಕಾರಿ ಪುನರ್ನಿರ್ಮಾಣಕ್ಕೆ ಒಪ್ಪಿಗೆ ಬೇಡವೆಂದರೂ 1999ರಲ್ಲಿ ಸಚಿವರು ಅನುಮತಿ ಕೊಟ್ಟರು. 2011ರಲ್ಲಿ ರೈಲು ಪೋರ್ತ್‌ಮಾಡೋಗ್ ಪಟ್ಟಣ ತಲುಪಿತು. ಅಲ್ಲಿನ ಬ್ರಿಟಾನಿಯಾ ಸೇತುವೆಯ ಮೇಲೆ ಕಾರು, ಲಾರಿಗಳನ್ನು ತಡೆದು ನಿಲ್ಲಿಸಿ ಅದೇ ರಸ್ತೆಯಲ್ಲಿ ಸಾಗುತ್ತದೆ. ಇನ್ನೊಂದು ತುದಿಯ ಕೆರ್ನಾರ್ವನ್‌ಗಂತೂ ಈ ನ್ಯಾರೋಗೇಜ್ ಹಿಂದೆಂದೂ ಬಂದಿರಲಿಲ್ಲ. ಬೇರೊಂದು ಕಂಪನಿಯ ಸ್ಟ್ಯಾಂಡರ್ಡ್ ಗೇಜ್ ಮಾರ್ಗ ಮುಚ್ಚಿ ಉಳಿದಿದ್ದ ನೆಲದ ಮೇಲೆ 1997ರಲ್ಲಿ ಹೊಸದಾಗಿ ಬಂತು. ಆದರೂ ಕೋಟೆಯ ಬುಡದ ನಿಲ್ದಾಣವನ್ನು ನಕಲಿಯೆಂದು ದೂರುವುದರಲ್ಲಿ ಅರ್ಥವಿಲ್ಲ: ಇಳಿದವರು ನಡೆದೇ ಅಂಗಡಿಬೀದಿಗೆ ಹೋಗಬಹುದು. ಆದರೆ ಕಾರ್ಸನ್ ಸಿಟಿಯ ಅಂಚಿನಂತೆ ಹೆದ್ದಾರಿಯ ಪಕ್ಕದ ನಿಲ್ದಾಣಕ್ಕೆ ಬರುವ ಪ್ರಯಾಣಿಕ ಕಾರಿನಲ್ಲಿ ಬಂದು ಕಾರಿನಲ್ಲೇ ಹೊರಟುಹೋಗುತ್ತಾನೆ. ಪೇಟೆಗೆ ಅವನ ಪರಿಚಯವೇ ಆಗುವುದಿಲ್ಲ.

ಆದರೆ ಪೋರ್ತ್‌ಮಾಡೋಗ್‌ನ ಮಾದರಿಯನ್ನು ಯಥಾವತ್ತಾಗಿ ಎತ್ತಿಕೊಳ್ಳುವುದೂ ತಪ್ಪು. ಅಲ್ಲಿನ ಹಳಿಯ ಅಗಲ 597 ಮಿ.ಮೀ., ಕಾರ್ಸನ್ ಸಿಟಿಯದು 1,435. ಅಗಲ ಹಳಿಯ ಭಾರಿ ಎಂಜಿನ್‌ಗೆ ವಿಶಾಲವಾದ ತಿರುವು ಬೇಕು, ನಿಲ್ಲಲು ಹೆಚ್ಚು ದೂರ ಬೇಕು. ಹೊಗೆ, ಶಿಳ್ಳೆ, ಲೆವೆಲ್ ಕ್ರಾಸಿಂಗ್‌ಗಳ ಬಗ್ಗೆ ನಿವಾಸಿಗಳ ಆತಂಕವನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕಲಾಗದು. ಖರ್ಚಿನ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಋತುವಿನಲ್ಲಷ್ಟೇ ಓಡುವ ರೈಲಿನ ಟಿಕೆಟ್ ಹಣದಿಂದ ಪೇಟೆಯ ನಿವೇಶನಗಳನ್ನು ಕೊಳ್ಳುವ ಲೆಕ್ಕ ಕೂಡಿಬರುವುದಿಲ್ಲ. ಇದಕ್ಕೆ ಉತ್ತರ ರೈಲನ್ನು ಕಾರ್ಸನ್ ಬೀದಿಯ ಮೇಲೆಯೇ ಓಡಿಸುವುದಲ್ಲ. ಆ ಬೀದಿಗೆ ನಡೆದು ತಲುಪುವಷ್ಟು ಹತ್ತಿರ ತಂದು ನಿಲ್ಲಿಸುವುದು. 2016ರಲ್ಲಿ ನಗರ ಕಾರ್ಸನ್ ಬೀದಿಯ ವಾಹನಪಥಗಳನ್ನು ತಗ್ಗಿಸಿ ಕಾಲುದಾರಿಗಳನ್ನು ಅಗಲಿಸಿತು, ಮರುವರ್ಷ ಬೈಪಾಸ್ ಹೆದ್ದಾರಿ ಪೂರ್ಣಗೊಂಡಿತು. ಪಾದಚಾರಿಗಾಗಿ ಬೀದಿಯನ್ನು ಅಷ್ಟು ಸಜ್ಜುಗೊಳಿಸಿದ ನಗರಕ್ಕೆ ಪಾದಚಾರಿಗಳನ್ನು ತಂದಿಳಿಸುವ ರೈಲು ಬೇಡವೆನ್ನುವುದು ಸುಸಂಗತವಲ್ಲ.

ಇವತ್ತೇ ಹಳಿ ಹಾಕಬೇಕೆಂಬುದು ಇಲ್ಲಿನ ವಾದವಲ್ಲ. ವೇಲ್ಸ್‌ನಲ್ಲಿ ಅರುವತ್ತು ವರ್ಷಗಳ ನಂತರವೂ ಪುನರ್ನಿರ್ಮಾಣ ಸಾಧ್ಯವಾದದ್ದು ನೆಲ ಚೂರಾಗದೆ ಉಳಿದದ್ದರಿಂದ. ಕಾರ್ಸನ್ ಸಿಟಿಯಲ್ಲಿ ಅದು ಕಷ್ಟವಾಗಿರುವುದು ಊರೊಳಗಿನ ರೈಲ್ವೆ ನೆಲ ಕೈತಪ್ಪಿ ಹೋದದ್ದರಿಂದ. ಹಣ ಇಂದಿಲ್ಲದಿದ್ದರೆ ಮುಂದೆ ಬಂದೀತು, ಕಟ್ಟಡವೆದ್ದ ನಿವೇಶನ ಮರಳಿ ಬರುವುದಿಲ್ಲ. ಆದ್ದರಿಂದ ನಗರಾಡಳಿತ ಮಾರ್ಗದ ವೆಚ್ಚದ ಅಂದಾಜಿಗಾಗಿ ಕಾಯದೆ, ಪೂರ್ವದ ನಿಲ್ದಾಣದಿಂದ ಪೇಟೆಯ ಅಂಚಿನವರೆಗಿನ ನೆಲದ ಪಟ್ಟಿಯನ್ನು ತನ್ನ ಯೋಜನಾ ನಕ್ಷೆಯಲ್ಲಿ ಈಗಲೇ ಕಾಯ್ದಿರಿಸಬೇಕು.