ವಜಾಗೊಂಡ ಅರ್ಜಿ, ಉಳಿದ ಪ್ರಶ್ನೆ: ಸಿ.ಬಿ. ಮುತ್ತಮ್ಮನವರ ಮೊಕದ್ದಮೆ

ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ವಿಧವೆಯನ್ನು ನಾವು ಬೇಸರಗೊಳ್ಳದ ಪ್ರಾರ್ಥನೆಗೆ ಮಾದರಿಯೆಂದು ಬೋಧಿಸುತ್ತೇವೆ. ಆಕೆ ನ್ಯಾಯಾಧಿಪತಿಯ ಮುಂದೆ ನಿಂತ ವಾದಿ ಎಂಬುದನ್ನು ಹಲವು ವೇಳೆ ಮರೆಯುತ್ತೇವೆ. ನಮ್ಮ ನಾಡಿನ ಮಹಿಳೆಯೊಬ್ಬರ ಮೊಕದ್ದಮೆ ಅದನ್ನು ನೆನಪಿಗೆ ತರುತ್ತದೆ.

ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮನವರು ಮಡಿಕೇರಿಯ ಸಂತ ಜೋಸೆಫರ ಬಾಲಿಕಾ ಶಾಲೆಯಲ್ಲಿಯೂ ಮದರಾಸಿನ ಮಹಿಳಾ ಕ್ರೈಸ್ತ ಕಾಲೇಜಿನಲ್ಲಿಯೂ ಓದಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆಯಾದರು. 1961ರ ಸೇವಾ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿಯು ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯಬೇಕಿತ್ತು. ಸಂಸಾರವು ಕರ್ತವ್ಯಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಮನವರಿಕೆಯಾದರೆ ಆಕೆ ರಾಜೀನಾಮೆ ಕೊಡಬೇಕಾಗುತ್ತಿತ್ತು. ವಿವಾಹಿತೆಗೆ ನೇಮಕವು ಹಕ್ಕಾಗಿರಲಿಲ್ಲ. ಪುರುಷರಿಗೆ ಇಂಥ ಷರತ್ತುಗಳಿರಲಿಲ್ಲ.

ಅರ್ಹತೆ ಸಾಲದೆಂದು ಮೊದಲ ದರ್ಜೆಗೆ ಬಡ್ತಿಯನ್ನು ನಿರಾಕರಿಸಿದಾಗ ಮುತ್ತಮ್ಮನವರು, ಇದು ಸ್ತ್ರೀಯರ ವಿರುದ್ಧದ ತಾರತಮ್ಯವೆಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅರ್ಜಿ ಇತ್ಯರ್ಥವಾಗುವ ಮುನ್ನವೇ ಬಡ್ತಿ ಬಂದಿತು. 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿಗಳಾದ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಸಿಂಘಾಲ್ ಅರ್ಜಿಯನ್ನು ವಜಾಗೊಳಿಸಿದರು. ಆದರೆ ಸಮಸ್ಯೆಯನ್ನು ವಜಾಗೊಳಿಸಲಿಲ್ಲ. ಸಂಸಾರದ ಹೊಣೆ ಸ್ತ್ರೀಗೆ ತೊಡಕಾದರೆ ಪುರುಷನಿಗೂ ತೊಡಕೇ ಅಲ್ಲವೇ ಎಂದು ಕೇಳಿದ ಪೀಠವು ಆ ನಿಯಮಗಳು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ಖಂಡಿಸಿತು. ವಿವಾಹಿತೆಯರ ನೇಮಕದ ನಿಯಮವನ್ನು 1973ರಲ್ಲಿಯೇ ತೆಗೆದುಹಾಕಲಾಗಿದೆ, ಮದುವೆಯ ಅನುಮತಿಯ ನಿಯಮವೂ ರದ್ದಾಗಲಿದೆ ಎಂದು ಸರ್ಕಾರ ತಿಳಿಸಿತು. ಮುತ್ತಮ್ಮನವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಬೇಕೆಂದು ನ್ಯಾಯಾಲಯ ಸೂಚಿಸಿತು.

ಸಾಮ್ಯದ ನ್ಯಾಯಾಧಿಪತಿಯು ವಿಧವೆಯ ಕಾಟವನ್ನು ನೀಗಿಕೊಳ್ಳಲೆಂದು ತೀರ್ಪು ಕೊಟ್ಟನು. ಆಕೆಯನ್ನು ಬಾಗಿಲಿಗೆ ತಂದ ವ್ಯವಸ್ಥೆಯನ್ನು ಅವನು ಮುಟ್ಟಲಿಲ್ಲ. ಒಬ್ಬರಿಗೆ ಪರಿಹಾರ ದೊರಕಿದರೂ ನಿಯಮದ ಅನ್ಯಾಯ ಉಳಿಯಬಲ್ಲದೆಂಬುದನ್ನು 1979ರ ಪೀಠವು ಕಂಡಿತು. ಈ ಭೇದವು ಸಭೆಗೂ ಬೇಕಾದುದು. ನಮ್ಮ ಶಾಲೆ, ಆಸ್ಪತ್ರೆ, ಸಭಾ ಕಚೇರಿಗಳಲ್ಲಿಯೂ ನಾವು ಉದ್ಯೋಗದಾತರೇ. ದೂರು ತಂದ ಸಹೋದರಿಗೆ ಮೌನವಾಗಿ ಏನನ್ನೋ ಕೊಟ್ಟು ಕಡತವನ್ನು ಮುಚ್ಚುವುದು ಸುಲಭ. ಆಕೆಯನ್ನು ದೂರದ ಊರಿಗೆ ವರ್ಗಾಯಿಸಿ ಅದನ್ನು ಸೇವೆಯ ಕರೆಯೆಂದು ಹೇಳುವುದು ಇನ್ನೂ ಸುಲಭ. ಮೊದಲನೆಯದು ಪಶ್ಚಾತ್ತಾಪವಲ್ಲ, ಎರಡನೆಯದು ಪ್ರತೀಕಾರ. ದೂರಿಗೆ ಕಾರಣವಾದ ನಿಯಮವನ್ನು ತಿದ್ದುವವರೆಗೆ ಆ ವಿಧವೆ ನಮ್ಮ ಬಾಗಿಲಲ್ಲಿಯೂ ನಿಂತೇ ಇರುತ್ತಾಳೆ.